ಅಣ್ಣನ ಜೊತೆ ಬದುವಿನ ಜಗಳ: ಕರ್ತನ ಭೋಜನ ತೆಗೆದುಕೊಳ್ಳಬಹುದೇ?
ಅಣ್ಣನ ಮೇಲೆ ಸಿಟ್ಟು ಇಟ್ಟುಕೊಂಡು ಭಾನುವಾರ ಕರ್ತನ ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಕ್ಷಮಿಸುವುದೆಂದರೆ ಹೊಲ ಬಿಟ್ಟುಕೊಡುವುದು ಎಂದುಕೊಂಡಿದ್ದೀರಿ. ಭಾಲ್ಕಿಯ ಹೊಲದ ಬದು ಅಣ್ಣ ಒತ್ತಿದ ಮೇಲೆ ‘ಕ್ಷಮಿಸಿದೆ’ ಎಂದರೂ ನಿಮ್ಮ ಸಿಟ್ಟು ಆರದಿರಲು ಬಹುಶಃ ಇದೇ ಕಾರಣ. ಅವೆರಡೂ ಬೇರೆ. ಯೇಸು ಶಿಲುಬೆಯಲ್ಲಿ ತೀರಿಸಿದ ಪಾಪದ ಸಾಲವನ್ನು ಅಣ್ಣನಿಂದ ಮತ್ತೆ ವಸೂಲಿ ಮಾಡಬೇಡಿ. ಬದುವಿನ ಲೆಕ್ಕ ಸರ್ವೆಯವರದು.

ಭಾನುವಾರಕ್ಕೆ ಮುಂಚೆ ಒಬ್ಬರೇ ಹೋಗಿ ಮಾತಾಡಿ (ಬೈಬಲ್, ಮತ್ತಾಯ 18:15). ಮೊದಲು ನಿಮ್ಮ ಬಿರುಸು ಮಾತಿಗೆ ಕ್ಷಮೆ ಕೇಳಿ. ‘ಆದರೆ ನೀನೂ...’ ಅಂತ ಸೇರಿಸಬೇಡಿ, ಕೆಡುವುದೇ ಅಲ್ಲಿ. ಅಣ್ಣ ನಿಮ್ಮ ಮಾತು ಕೇಳದಿದ್ದರೆ ಸಭೆಯ ಒಬ್ಬಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಹದ್ದುಬಸ್ತಿಗೆ (ಸರ್ವೆಯವರಿಂದ ಹೊಲದ ಗಡಿ ಅಳೆಸಿ ಗುರುತಿಸುವುದಕ್ಕೆ) ಅರ್ಜಿ ಹಾಕುವುದು ಪಾಪವಲ್ಲ, ಅಣ್ಣನಿಗೆ ತಿಳಿಸಿಯೇ ಹಾಕಿ.

ಅಣ್ಣ ಒಪ್ಪುತ್ತಾರೆಂದು ಹೇಳಲಾಗದು. ರೋಮಾಪುರದವರಿಗೆ 12:18 ಕೇಳುವುದು ನಿಮ್ಮಿಂದ ಆಗುವಷ್ಟು ಸಮಾಧಾನದಿಂದ ಇರುವುದನ್ನು ಮಾತ್ರ. ಅಷ್ಟು ಮಾಡಿ, 1 ಕೊರಿಂಥ 11:28ರಂತೆ ನಿಮ್ಮನ್ನು ಪರೀಕ್ಷಿಸಿಕೊಂಡು ಭೋಜನಕ್ಕೆ ಹೋಗಿ.