ನೋವಿಲ್ಲ ಎಂದ ಮಾತ್ರಕ್ಕೆ ಮಂಡಿ ಆಟಕ್ಕೆ ಸಿದ್ಧವೇ?

ಪ್ರಶ್ನೆ: ನನಗೆ 23 ವರ್ಷ. ಫುಟ್‌ಬಾಲ್ ಆಡುವಾಗ ಎಡ ಮಂಡಿಯ ಎಸಿಎಲ್ ಲಿಗಮೆಂಟ್ (ತೊಡೆಮೂಳೆ, ಕಾಲ್ಮೂಳೆಗಳನ್ನು ಮಂಡಿಯೊಳಗೆ ಹಿಡಿದಿಡುವ ಕಟ್ಟು) ಹರಿದು, ಆಪರೇಷನ್ ಆಗಿ ಆರು ತಿಂಗಳಾಯಿತು. ನೋವಿಲ್ಲ, ಊತವಿಲ್ಲ, ಓಡುತ್ತಿದ್ದೇನೆ. ಆದರೆ ತೊಡೆಯ ಶಕ್ತಿ ಬಲಗಾಲಿನ ಶೇ 74ರಷ್ಟೇ ಇದೆ, ಇನ್ನೂ ಮೂರು ತಿಂಗಳು ಆಟ ಬೇಡ ಎನ್ನುತ್ತಾರೆ ಫಿಸಿಯೋಥೆರಪಿಸ್ಟ್. ತಂಡದಲ್ಲಿ ಜಾಗ ಹೋಗುತ್ತದೆಂಬ ಭಯ. ಅಷ್ಟು ಕಾಯಲೇಬೇಕೇ?

ಉತ್ತರ: ಕಾಯಲೇಬೇಕು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ಈ ವಿಷಯದಲ್ಲಿ ನಾನು ನಿಮ್ಮ ಫಿಸಿಯೋ ಕಡೆಗೇ ನಿಲ್ಲುತ್ತೇನೆ.

ನೋವು ಹೋಗುವುದು ಬೇಗ, ಶಕ್ತಿ ಬರುವುದು ನಿಧಾನ. ಮಂಡಿಯೊಳಗೆ ನೀರು ತುಂಬಿದಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ನರಗಳಿಂದ ಬರುವ ಸಂದೇಶವೇ ತಗ್ಗುತ್ತದೆ. ಆರೋಗ್ಯವಂತರ ಮಂಡಿಗೆ ಸ್ವಲ್ಪ ಉಪ್ಪುನೀರಿನ ದ್ರಾವಣ ಚುಚ್ಚಿ ನೋಡಿದ ಪ್ರಯೋಗಗಳಲ್ಲೂ ಇದೇ ಕಂಡಿದೆ: ಗಾಯವಿಲ್ಲ, ನೋವಿಲ್ಲ, ಆದರೂ ಸ್ನಾಯು ಮಂಕಾಯಿತು. ಹೀಗೆ ತಿಂಗಳುಗಟ್ಟಲೆ ಅರ್ಧ ಕೆಲಸ ಮಾಡಿದ ಸ್ನಾಯು ಸೊರಗುತ್ತದೆ. ಓಟದಿಂದ ಮಾತ್ರ ಅದು ತುಂಬಿಬರುವುದಿಲ್ಲ, ಏಕೆಂದರೆ ದೇಹ ಜಾಣತನದಿಂದ ಭಾರವನ್ನು ಸೊಂಟಕ್ಕೂ ಇನ್ನೊಂದು ಕಾಲಿಗೂ ದಾಟಿಸಿಬಿಡುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ.

ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೊ ಸಂಶೋಧಕರು ಇಂಥ 106 ಮಂದಿಯನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ, ಒಂಬತ್ತನೇ ತಿಂಗಳವರೆಗೆ, ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯುತ್ತಿತ್ತು. ಶಕ್ತಿ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಶೇ 90 ದಾಟದೆ ಆಟಕ್ಕಿಳಿದ 55 ಮಂದಿಯಲ್ಲಿ 21 ಮಂದಿಗೆ ಮತ್ತೆ ಗಾಯ. ದಾಟಿದ 18 ಮಂದಿಯಲ್ಲಿ ಒಬ್ಬರಿಗೆ. ಸಂಖ್ಯೆ ಚಿಕ್ಕದು, ಅದೊಂದೇ ಅಧ್ಯಯನವನ್ನು ವೇದವಾಕ್ಯ ಮಾಡಬೇಕಿಲ್ಲ. ಆದರೆ ನಿಮ್ಮ ಫಿಸಿಯೋ ಹೇಳುವ ಮೂರು ತಿಂಗಳು ಬಂದದ್ದು ಎಲ್ಲಿಂದ ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ: ಶೇ 90 ಎಂದರೆ ಯಾವುದರ ಶೇ 90? ಆಪರೇಷನ್ ನಂತರ ಓಡಾಟ ಕಡಿಮೆಯಾಗಿ ಒಳ್ಳೆಯ ಕಾಲೂ ಸೊರಗಿರುತ್ತದೆ. ಮೊದಲು 100 ಕಿಲೋ ಒತ್ತುತ್ತಿದ್ದ ಬಲಗಾಲು ಈಗ 80 ಒತ್ತುತ್ತಿದೆ, ಎಡಗಾಲು 72 ಎಂದಿಟ್ಟುಕೊಳ್ಳಿ. ಲೆಕ್ಕದಲ್ಲಿ ಶೇ 90 ಬಂತು. ಗಾಯಕ್ಕೆ ಮುಂಚಿನ ಶಕ್ತಿಗೆ ಹೋಲಿಸಿದರೆ ಅದು ಶೇ 72 ಮಾತ್ರ! ಆದ್ದರಿಂದ ಆಪರೇಷನ್‌ಗೆ ಮುಂಚೆ ಒಳ್ಳೆಯ ಕಾಲಿನಲ್ಲಿ ಅಳೆದ ಅಂಕಿ ಇದ್ದರೆ ಅದನ್ನೇ ಮುಂದಿಟ್ಟುಕೊಳ್ಳಲು ಫಿಸಿಯೋಗೆ ಹೇಳಿ. ಒಂಟಿಕಾಲ ಜಿಗಿತದ ದೂರವೊಂದನ್ನೇ ನಂಬಬೇಡಿ. ಮಂಡಿಯ ಕೊರತೆಯನ್ನು ಸೊಂಟ, ಪಾದ ಸೇರಿ ಮುಚ್ಚಿಬಿಡುತ್ತವೆ.

ಈ ಮೂರು ತಿಂಗಳು ಸುಮ್ಮನೆ ಕೂರುವ ಕಾಲವಲ್ಲ. ಲೆಗ್ ಪ್ರೆಸ್, ಲೆಗ್ ಎಕ್ಸ್‌ಟೆನ್ಷನ್, ಒಂಟಿಕಾಲ ಸ್ಕ್ವಾಟ್ ವಾರಕ್ಕೆ ಎರಡು ಮೂರು ಸಲ, ಭಾರ ಏರಿಸುತ್ತಾ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಂಡಿ ಪೆಟ್ಟಾದ ಸೈನಿಕರಿಗೆ ಹಗುರ ವ್ಯಾಯಾಮ ಸಾಲದೆಂದು ಭಾರ ಎತ್ತಿಸಿದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡೆಲೋರ್ಮ್. 1945ರಲ್ಲಿ ಅವರು ಬರೆದಿಟ್ಟ ತತ್ವ ಇವತ್ತಿಗೂ ಬಳಕೆಯಲ್ಲಿದೆ. ಮಾರನೇ ದಿನ ಮಂಡಿ ಊದಿಕೊಂಡರೆ ಮಾತ್ರ ಭಾರ ಒಂದು ಹೆಜ್ಜೆ ಇಳಿಸಿ.

ಪ್ರಶ್ನೆ: ನನ್ನ ತಂಗಿಗೂ ಎಸಿಎಲ್ ಹರಿದಿದೆ. ಆಪರೇಷನ್ ಇಲ್ಲದೆ ವ್ಯಾಯಾಮದಿಂದಲೇ ಸರಿಹೋಗಬಹುದೇ?

ಉತ್ತರ: ಕೆಲವರಿಗೆ ಆಗುತ್ತದೆ. ಸ್ವೀಡನ್‌ನಲ್ಲಿ 121 ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ಬೇಗ ಆಪರೇಷನ್ ಮಾಡಿದರು, ಉಳಿದ 59 ಮಂದಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. ಎರಡು ವರ್ಷದ ಹೊತ್ತಿಗೆ ಈ 59ರಲ್ಲಿ 23 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು. ಮಂಡಿಯ ಸ್ಥಿತಿಯ ಬಗ್ಗೆ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೃತ್ತಿಪರ ಆಟಗಾರರು ಅದರಲ್ಲಿ ಇರಲಿಲ್ಲ. ತಂಗಿಯ ಮಂಡಿ ನಡೆಯುವಾಗ ಪದೇಪದೇ ಕೈಕೊಡುತ್ತಿದ್ದರೆ ಅಥವಾ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ ಮಿನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಕೂಡ ಹರಿದಿರಬಹುದು. ಆಗ ವ್ಯಾಯಾಮ ಶುರುಮಾಡುವ ಮುಂಚೆ ಮೂಳೆ ತಜ್ಞರಿಗೆ ತೋರಿಸಿ.