ಜೀವ ಉಳಿಸೋಕೆ ಸುಳ್ಳು ಹೇಳಿದರೂ ತಪ್ಪು ಅಂತ ಜರ್ಮನ್ ತತ್ವಜ್ಞಾನಿ ಕಾಂಟ್ ನಿಜವಾಗಿಯೂ ಹೇಳಿದ್ದನಾ?

ಹೌದು, 1797ರ ಒಂದು ಚಿಕ್ಕ ಪ್ರಬಂಧದಲ್ಲಿ ಹೇಳಿದ್ದಾನೆ. ಅಲ್ಲಿನ ಉದಾಹರಣೆ ಇದು: ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ. ಕೊಲೆಗಾರ ಬಾಗಿಲಿಗೆ ಬಂದು "ಒಳಗಿದ್ದಾನಾ?" ಅಂತ ಕೇಳುತ್ತಾನೆ. ಸತ್ಯ ತಿಳಿಯುವ ಹಕ್ಕಿಲ್ಲದವನಿಗೆ ಸತ್ಯ ಹೇಳಬೇಕಿಲ್ಲ ಅಂದಿದ್ದ ಫ್ರೆಂಚ್ ಚಿಂತಕ ಬೆಂಜಮಿನ್ ಕಾನ್‌ಸ್ಟಂಟ್. ಕಾಂಟ್ ಒಪ್ಪಲಿಲ್ಲ.

ನೀವು "ಇಲ್ಲ" ಅಂದಿರಿ ಅನ್ನಿ. ಅಷ್ಟರಲ್ಲಿ ಗೆಳೆಯ ನಿಮಗೆ ಗೊತ್ತಿಲ್ಲದೆ ಹೊರಗೆ ಹೋಗಿದ್ದ, ವಾಪಸ್ ಹೊರಟ ಕೊಲೆಗಾರನ ಕೈಗೇ ಸಿಕ್ಕಿಬಿದ್ದ. ಆಗ ಆ ಸಾವಿಗೆ ನಿಮ್ಮ ಸುಳ್ಳೂ ಹೊಣೆ ಅನ್ನುತ್ತಾನೆ ಕಾಂಟ್. ನಿಜ ಹೇಳಿದ್ದರೆ, ಕೊಲೆಗಾರ ಮನೆ ಜಾಲಾಡುವಷ್ಟರಲ್ಲಿ ಅಕ್ಕಪಕ್ಕದವರು ಬಂದು ಹಿಡಿಯುತ್ತಿದ್ದರೇನೋ! ಜೊತೆಗೆ, ಒಂದು ಸುಳ್ಳಿಗೆ ವಿನಾಯ್ತಿ ಕೊಟ್ಟರೂ ನಂಬಿಕೆಯ ಮೇಲೆ ನಿಂತ ಕರಾರುಗಳೆಲ್ಲ ಸಡಿಲವಾಗುತ್ತವೆ ಅನ್ನೋದು ಕಾಂಟ್‌ನ ಭಯ.

ಜಾಸ್ತಿ ಜನ ಗಮನಿಸದ ಒಂದು ವಿಷಯವಿದೆ. ಇಲ್ಲಿ ಕಾಂಟ್ ಮಾತಾಡುತ್ತಿರುವುದು ಹೌದು ಅಥವಾ ಇಲ್ಲ ಅನ್ನಲೇಬೇಕಾದ ಇಕ್ಕಟ್ಟಿನ ಬಗ್ಗೆ. ಸುಮ್ನಿರೋಕೆ ಆಗುವ ಕಡೆ ಈ ಪ್ರಶ್ನೆಯೇ ಬರಲ್ಲ, ಅಲ್ವಾ?

ಆದರೂ ನನಗೆ ಇದು ಅತಿ ಅನ್ನಿಸುತ್ತೆ. ಇದರಲ್ಲಿ ನಾನು ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕಡೆ. ಸತ್ಯ ದೊಡ್ಡ ನಿಯಮವೇ ಅಂತ ಅವನೂ ಒಪ್ಪುತ್ತಾನೆ. ಆದರೆ ಒಬ್ಬರನ್ನು ಕೇಡಿನಿಂದ ಕಾಪಾಡಲು ಬೇರೆ ದಾರಿ ಇಲ್ಲದಾಗ, ದುಷ್ಟನಿಂದ ವಿಷಯ ಮುಚ್ಚಿಡಬಹುದು ಅನ್ನುತ್ತಾನೆ.