ಕಾರಿನ ಪೇಂಟಿಗೆ ಅಂಟಿದ ಟೈರ್ ರಬ್ಬರ್ ತೆಗೆಯೋದು ಹೇಗೆ?

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿ ಟೈರಿನ ತುಂಡು ಹಾರಿ ಬಡಿದು, ನಿಮ್ಮ ಬಿಳಿ ಕಾರಿನ ಬಂಪರಿನಿಂದ ಬಾಗಿಲ ತನಕ ಕಪ್ಪು ಪಟ್ಟೆ ಬಿದ್ದಿದೆ. ಪೇಂಟ್ ಕೆಡದ ಹಾಗೆ ತೆಗೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ತೆಗೆಯಬಹುದು. ನಾನಿರುವುದು ಪುಣೆ ಪಕ್ಕದ ಚಿಂಚ್‌ವಡದಲ್ಲಿ. ಬೇಸಿಗೆ ಬಂತೆಂದರೆ ಆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ ಟೈರ್ ಸಿಪ್ಪೆ ಬಿದ್ದಿರುವುದು ಮಾಮೂಲು. ನನ್ನ ಕಾರಿಗೂ ಒಮ್ಮೆ ಹೀಗೇ ಆಗಿತ್ತು.

ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಇನ್ನೊಂದು ಪದರ ಇರುತ್ತದೆ. ರಬ್ಬರ್ ಕೂತಿರುವುದು ಅದರ ಮೇಲೆ. ಆ ಪದರ ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೇ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಬ್ಲೇಡು, ಮರಳು ಕಾಗದ ಮುಟ್ಟಲೇಬೇಡಿ.

ನೆರಳಲ್ಲಿ, ಬಾನೆಟ್ ತಣ್ಣಗಾದ ಮೇಲೆ ಶುರು ಮಾಡಿ. ಮೊದಲು ಜೋರಾಗಿ ನೀರು ಬಿಟ್ಟು ಕಾರ್ ಶಾಂಪೂ ಹಾಕಿ ತೊಳೆಯಿರಿ. ಗೀರು ಬೀಳಿಸುವುದು ಹೆಚ್ಚಾಗಿ ಘಾಟಿನ ಆ ಧೂಳು, ಮರಳು. ದಪ್ಪಗೆ ಅಂಟಿದ ಮುದ್ದೆ ಇದ್ದರೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿ.

ಈಗ ಮುಖ್ಯ ಕೆಲಸ. ಟಾರ್ ರಿಮೂವರ್ (ಡಾಂಬರು ಕಲೆ ತೆಗೆಯುವ ದ್ರಾವಕ) ಅಥವಾ ಡಬ್ಲ್ಯೂಡಿ-40 ಎಂಬ ಸ್ಪ್ರೇ ಸಾಕು. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಕೂಡ ಆಗುತ್ತದೆ. ಬಾಗಿಲ ಒಳಂಚಿನಲ್ಲಿ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿಕೊಳ್ಳಿ. ಆಮೇಲೆ ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ಕಲೆಯ ಮೇಲೆ ಒತ್ತಿ ಎರಡು ಮೂರು ನಿಮಿಷ ಬಿಡಿ. ಟೈರಿನ ರಬ್ಬರನ್ನು ಗಂಧಕ ಸೇರಿಸಿ ಬೇಯಿಸಿರುತ್ತಾರೆ, ಅದು ಕರಗುವುದಿಲ್ಲ. ದ್ರಾವಕ ಕುಡಿದು ಉಬ್ಬಿ, ಹಿಡಿತ ಸಡಿಲಿಸುತ್ತದೆ. ಅದಕ್ಕೇ ಕಾಯಬೇಕು. ಆಮೇಲೆ ಒರೆಸಿದರೆ ಸ್ಲೇಟು ಒರೆಸಿದ ಹಾಗೆ ಬಟ್ಟೆಗೆ ಮಸಿ ಬರುತ್ತದೆ, ಸಣ್ಣ ಸಣ್ಣ ಉರುಳೆಗಳೂ ಬರುತ್ತವೆ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಹೋಗಿ, ಇಲ್ಲದಿದ್ದರೆ ತೆಗೆದ ಮಸಿಯನ್ನೇ ಮತ್ತೆ ಬಳಿದ ಹಾಗಾಗುತ್ತದೆ. ಒಂದೇ ಸಲಕ್ಕೆ ಹೋಗಲಿಲ್ಲವಾ? ಮತ್ತೆ ಹಚ್ಚಿ. ಬಲ ಜಾಸ್ತಿ ಹಾಕಬೇಡಿ.

ಗ್ಯಾರೇಜಿನ ಹುಡುಗರು ಥಿನ್ನರ್ ತರುತ್ತಾರೆ, ಬೇಡ ಅನ್ನಿ. ಅಸಿಟೋನ್ ಕೂಡ ಬೇಡ. ಕಂಪನಿ ಪೇಂಟ್ ಹೇಗೋ ತಡೆದುಕೊಂಡರೂ ಹೊರಗೆ ಮಾಡಿಸಿದ ಪೇಂಟ್ ಮೆತ್ತಗಾಗಿ ಎದ್ದುಬರಬಹುದು. ಬಂಪರಿನ ಕೆಳಗಿನ ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಮೇಲೂ ದ್ರಾವಕ ಬೀಳದಿರಲಿ, ಮಚ್ಚೆ ಉಳಿಯುತ್ತದೆ. ಸಿಗರೇಟು, ಬೆಂಕಿ ಹತ್ತಿರ ಬೇಡ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಎಲ್ಲ ಮುಗಿದ ಮೇಲೆ ಶಾಂಪೂವಿನಲ್ಲಿ ಮತ್ತೆ ತೊಳೆಯಿರಿ. ಮಬ್ಬು ನೆರಳು ಉಳಿದಿದ್ದರೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ತುಂಡು), ಅದಕ್ಕೂ ಬಗ್ಗದಿದ್ದರೆ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್. ಸಾಮಾನೆಲ್ಲ ಪುಣೆಯ ನಾನಾ ಪೇಠದ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಲಾರಿ ಟೈರಿನ ತುಂಡು ಭಾರ ಇರುತ್ತದೆ, ಒಳಗೆ ಉಕ್ಕಿನ ತಂತಿ ಬೇರೆ. ಬಂಪರ್ ಕ್ಲಿಪ್, ಫಾಗ್ ಲ್ಯಾಂಪ್, ಚಕ್ರದ ಮೇಲಿನ ಒಳ ಪ್ಲಾಸ್ಟಿಕ್, ರೇಡಿಯೇಟರ್ ಮುಂಭಾಗ ಬಗ್ಗಿ ನೋಡಿ. ರಬ್ಬರ್ ಹೋದ ಜಾಗದಲ್ಲಿ ಉಗುರು ಆಡಿಸಿ. ಸಿಕ್ಕಿಕೊಂಡರೆ ಅದು ಗೀರು, ಪಾಲಿಶಿಗೆ ಹೋಗುವುದು ಕಷ್ಟ. ಆಗ ನಿಮ್ಮ ಕಾರಿನ ಕಲರ್ ಕೋಡ್ ತಿಳಿದುಕೊಂಡು ಟಚ್-ಅಪ್ ಪೇಂಟ್ ತನ್ನಿ. ಬಿಳಿಯಲ್ಲೂ ಹತ್ತು ತರಹ ಇದೆ, ಸುಮ್ನೆ ಬಿಳಿ ಅಂತ ಕೇಳಿ ತರಬೇಡಿ.